ಕಲಾ ಮ್ಯೂಸಿಯಂ, ಕಂಪ್ಯೂಟರು ಮತ್ತು ಕನಕನ ಕಿಂಡಿ

ಜಗತ್ತಿನ ದೊಡ್ಡ ದೊಡ್ಡ ಕಲಾ ಮ್ಯೂಸಿಯಂಗಳೆಲ್ಲ ಈಗ ಒಂದೇ ಮಾತು ಆಡುತ್ತಿವೆ. ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ, ನೀವು ಇಲ್ಲಿಯವರೆಗೆ ಬರಬೇಕಾಗಿಲ್ಲ, ನಿಮ್ಮ ಮೊಬೈಲಿನಲ್ಲೇ ನಮ್ಮ ಚಿತ್ರಗಳನ್ನು ನೋಡಿ, ಬೇಕಾದ್ದನ್ನು ಇಳಿಸಿಕೊಳ್ಳಿ ಅಂತ. ಬಾಗಿಲು ತೆರೆದಿದೆ ಅಂತ ಯಾರಾದರೂ ಕೂಗಿದರೆ ನಮ್ಮ ಜನ ಒಂದು ಹೆಜ್ಜೆ ಹಿಂದೆ ನಿಂತು ಯೋಚನೆ ಮಾಡುವುದು ವಾಡಿಕೆ. ಎಲ್ಲಿಯವರೆಗೆ ತೆರೆದಿದೆ? ಅಂಗಳದವರೆಗೋ, ಪಡಸಾಲೆಯವರೆಗೋ, ಅಡುಗೆಮನೆಯವರೆಗೋ? ಅದೇ ಪ್ರಶ್ನೆಯನ್ನು ಈ ಮ್ಯೂಸಿಯಂಗಳಿಗೂ ಕೇಳಬೇಕಾಗಿದೆ.

ಕೂಲಿ, ಭೂಮಿ, ಮೀಸಲಾತಿ, ಹಾಸ್ಟೆಲಿನ ಅನ್ನ ಇವುಗಳ ಮಾತಾಡಬೇಕಾದ ಜಾಗದಲ್ಲಿ ಆಮ್‌ಸ್ಟರ್‌ಡ್ಯಾಮಿನ ಚಿತ್ರಗಳ ಮಾತು ಯಾಕೆ ಅಂತ ಗೆಳೆಯರು ಮುಖ ಸಿಂಡರಿಸಬಹುದು. ಮ್ಯೂಸಿಯಂ ಚಿತ್ರಗಳನ್ನು ತೂಗುಹಾಕುವ ಮನೆ ಅಂತಷ್ಟೇ ತಿಳಿದರೆ ಈ ಮಾತು ಸರಿ. ಆದರೆ ಅದೊಂದು ಕಚೇರಿ. ಯಾವುದನ್ನು ನೆನಪಿಡಬೇಕು, ಯಾವುದನ್ನು ಮರೆಯಬೇಕು, ಇದನ್ನು ಮಾಡಿದವರು ಯಾರು, ಇದಕ್ಕೇನು ಹೆಸರು ಅಂತ ದಾಖಲೆ ಬರೆಯುವ ಕಚೇರಿ. ತಮ್ಮ ಕೇರಿಗೆ, ತಮ್ಮ ಮಕ್ಕಳಿಗೆ, ತಮ್ಮ ಕಸುಬಿಗೆ ಯಾವ ಹೆಸರು ಅಂತ ತಲೆತಲಾಂತರದಿಂದ ಬೇರೆಯವರೇ ಬರೆದದ್ದನ್ನು ಉಂಡವರಿಗೆ ಆ ಕಚೇರಿಯ ಲೆಕ್ಕ ಕೇಳುವ ಹಕ್ಕಿದೆ.

ಮೊದಲು ಒಳ್ಳೆಯದನ್ನು ಒಪ್ಪಿಕೊಂಡುಬಿಡೋಣ. ನೆದರ್‌ಲ್ಯಾಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮಿನಲ್ಲಿ ರೈಕ್ಸ್‌ಮ್ಯೂಸಿಯಂ ಅಂತ ಇದೆ, ಆ ದೇಶದ ರಾಷ್ಟ್ರೀಯ ಮ್ಯೂಸಿಯಂ. ಅದರ ಮುಖ್ಯ ಕಟ್ಟಡ ದುರಸ್ತಿಗೆಂದು 2003ರ ಕೊನೆಯಲ್ಲಿ ಮುಚ್ಚಿದ್ದು ಮತ್ತೆ ತೆರೆದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕೆ ಆರು ತಿಂಗಳು ಮುಂಚೆ, 2012ರ ಅಕ್ಟೋಬರಿನಲ್ಲಿ, 'ರೈಕ್ಸ್‌ಸ್ಟುಡಿಯೋ' ಅನ್ನುವ ಹೆಸರಿನಲ್ಲಿ 1,25,000 ಕಲಾಕೃತಿಗಳ ಚಿತ್ರಗಳನ್ನು ಅಂತರ್ಜಾಲಕ್ಕೆ ಹಾಕಿದರು. ಇವತ್ತು ಆ ಸಂಖ್ಯೆ 7 ಲಕ್ಷ ದಾಟಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಚಿತ್ರಗಳನ್ನು ಯಾರು ಬೇಕಾದರೂ ದೊಡ್ಡ ಅಳತೆಯಲ್ಲಿ ಇಳಿಸಿಕೊಳ್ಳಬಹುದು, ಪುಸ್ತಕಕ್ಕೆ ಹಾಕಬಹುದು, ಗೋಡೆಗೆ ಅಂಟಿಸಬಹುದು, ಅದನ್ನು ಕತ್ತರಿಸಿ ಬೇರೇನೋ ಮಾಡಬಹುದು. ಕಾಸು ಕೊಡಬೇಕಾಗಿಲ್ಲ, ಅರ್ಜಿ ಹಿಡಿದು ನಿಲ್ಲಬೇಕಾಗಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೂಡ 2017ರ ಫೆಬ್ರವರಿಯಲ್ಲಿ 3,75,000 ಚಿತ್ರಗಳನ್ನು ಹೀಗೇ ಬಿಟ್ಟುಕೊಟ್ಟಿತು. ಒಂದು ಫೋಟೋ ಕೇಳಿದರೆ ಮೂರು ಮೇಜು ತೋರಿಸುವ ನಮ್ಮ ಇಲಾಖೆಗಳನ್ನು ಕಂಡವರಿಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇದನ್ನು ಅವರು ಧರ್ಮಕ್ಕೆ ಮಾಡಿದ್ದೇನಲ್ಲ. ಅದರ ಹಿಂದೆ ಒಂದು ಕತೆ ಇದೆ. ವೆರ್ಮೀರ್ ಅನ್ನುವ ಕಲಾವಿದ ಸುಮಾರು 1660ರಲ್ಲಿ ಬರೆದ 'ಹಾಲು ಸುರಿಯುವವಳು' ಅನ್ನುವ ಚಿತ್ರ ಈ ಮ್ಯೂಸಿಯಂನಲ್ಲಿದೆ. ಒಂದೂವರೆ ಅಡಿ ಎತ್ತರವಿರುವ ಸಣ್ಣ ಚಿತ್ರ. ಯಾರ್ಯಾರೋ ತೆಗೆದ ಅದರ ಹತ್ತು ಸಾವಿರಕ್ಕೂ ಹೆಚ್ಚು ನಕಲುಗಳು ಅಂತರ್ಜಾಲದಲ್ಲಿ ಓಡಾಡುತ್ತಿದ್ದವು. ಬಹಳಷ್ಟಕ್ಕೆ ಹಳದಿ ಬಡಿದಿತ್ತು. ಎಷ್ಟರಮಟ್ಟಿಗೆ ಅಂದರೆ ಮ್ಯೂಸಿಯಂ ತನ್ನ ಅಂಗಡಿಯಲ್ಲಿ ಸರಿಯಾದ ಬಣ್ಣದ ಕಾರ್ಡು ಮಾರಿದರೆ, ಜನ ಇದು ಅಸಲಿ ಬಣ್ಣ ಅಲ್ಲ ಅಂತ ತಕರಾರು ತೆಗೆದರು. ಯುರೋಪಿನ ಮ್ಯೂಸಿಯಂ ಮಂದಿ 2011ರಲ್ಲಿ ಇದಕ್ಕೆ 'ಹಳದಿ ಹಾಲಿನವಳ ಸಮಸ್ಯೆ' ಅಂತಲೇ ಹೆಸರಿಟ್ಟು ವರದಿ ಬರೆದರು. ಕೆಟ್ಟ ನಕಲನ್ನು ಓಡಿಸಬೇಕಾದರೆ ಒಳ್ಳೆಯ ನಕಲನ್ನು ಪುಕ್ಕಟೆ ಹಂಚುವುದೊಂದೇ ದಾರಿ ಅಂತ ಮನವರಿಕೆಯಾಯಿತು. ಪೊಲೀಸರನ್ನು ಬಿಡುವುದಕ್ಕಿಂತ ಇದು ಬುದ್ಧಿವಂತಿಕೆ. ಸ್ವಾರ್ಥದಿಂದ ಹುಟ್ಟಿದ ಔದಾರ್ಯವಾದರೂ ಲಾಭ ನಮಗೂ ಇದೆ, ಬೇಡ ಅನ್ನುವುದು ಯಾಕೆ?

ಆ ಚಿತ್ರವನ್ನು ಇಳಿಸಿಕೊಂಡು ದೊಡ್ಡದು ಮಾಡಿ ನೋಡಿ. ಅಡುಗೆಮನೆಯ ಮೂಲೆ. ಕೆಲಸದ ಹೆಂಗಸೊಬ್ಬಳು ತೋಳು ಮಡಚಿ ಮಣ್ಣಿನ ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ. ಮುಂದೆ ಮೇಜಿನ ಮೇಲೆ ರೊಟ್ಟಿಯ ತುಂಡುಗಳು. ಬಟ್ಟೆ ಮುಚ್ಚಿದ್ದ ತೋಳಿನ ಮೇಲ್ಭಾಗ ಬೆಳ್ಳಗಿದೆ, ಮುಂಗೈ ಬಿಸಿಲಿಗೆ ನೀರಿಗೆ ಕೆಂಪಾಗಿ ಕಂದಿದೆ. ಗೋಡೆಯಲ್ಲಿ ಒಂದು ಮೊಳೆ, ಹಳೆಯ ಮೊಳೆ ಕಿತ್ತ ತೂತುಗಳು. ಕಿಟಕಿಯ ಒಂದು ಗಾಜು ಒಡೆದಿದೆ. ಒಡೆಯನ ಮನೆಯ ಗಾಜು ಒಡೆದರೆ ಚಳಿ ಬಡಿಯುವುದು ಅಡುಗೆಮನೆಯಲ್ಲಿ ನಿಲ್ಲುವವಳಿಗೆ. ಮ್ಯೂಸಿಯಂಗೆ ಹೋದವನು ಹತ್ತು ಜನರ ಹೆಗಲ ಮೇಲಿಂದ ನೋಡಿದರೆ ಆ ಮೊಳೆ, ಆ ತೂತು ಕಾಣುವುದು ಕಷ್ಟ. ಮೊಬೈಲಿನಲ್ಲಿ ಕಾಣುತ್ತದೆ. ಯಾರೋ ಒಬ್ಬ ದೊಡ್ಡ ವಿಮರ್ಶಕ ಬೆಳಕು, ಮೌನ, ದಿವ್ಯತೆ ಅಂತ ಹೇಳಿದ್ದನ್ನು ನಂಬಿಕೊಂಡು ಕೂರಬೇಕಾಗಿಲ್ಲ. ದುಡಿಯುವ ಹೆಂಗಸರನ್ನು ದಿನಾ ನೋಡುವ ಕಣ್ಣು ಆ ಮುಂಗೈಯ ಬಣ್ಣವನ್ನು ಗುರುತಿಸುತ್ತದೆ. ತಂತ್ರಜ್ಞಾನದ ನಿಜವಾದ ಲಾಭ ಇಲ್ಲಿದೆ: ನೋಡುವ ಅಧಿಕಾರ ಕೆಲವರ ಕೈ ತಪ್ಪಿ ಹಲವರ ಕೈಗೆ ಬಂದಿದೆ.

ಆದರೆ ಮ್ಯೂಸಿಯಂ ಆ ಅಧಿಕಾರವನ್ನು ಎತ್ತ ತಿರುಗಿಸಿತು ನೋಡಿ. ಇಳಿಸಿಕೊಂಡ ಚಿತ್ರಗಳಿಂದ ಹೊಸ ಹೊಸ ವಸ್ತುಗಳ ವಿನ್ಯಾಸ ಮಾಡಿದವರಿಗೆ 2014ರಿಂದ ಬಹುಮಾನ ಕೊಡತೊಡಗಿತು. ಹಾಲು ಸುರಿಯುವವಳು ಕಾಫಿ ಲೋಟದ ಮೇಲೆ ಬಂದಳು, ಚೀಲದ ಮೇಲೆ ಬಂದಳು, ಮೊಬೈಲಿನ ಕವಚದ ಮೇಲೆ ಬಂದಳು. ಆಕೆಗೆ ಸಂಬಳ ಎಷ್ಟು, ಎಷ್ಟು ಗಂಟೆ ದುಡಿತ, ಯಾವ ಊರಿಂದ ಬಂದವಳು ಅಂತ ಕೇಳುವುದಕ್ಕೆ ಬಹುಮಾನ ಇಲ್ಲ. ನೋಡುಗನನ್ನು ಪ್ರಶ್ನೆ ಕೇಳುವವನಾಗಿ ಬೆಳೆಸುವುದಕ್ಕಿಂತ ಗಿರಾಕಿಯಾಗಿ ಬೆಳೆಸುವುದು ಸುಲಭ, ಲಾಭವೂ ಹೌದು.

ಇದೇ ಮ್ಯೂಸಿಯಂನ ಇನ್ನೊಂದು ಸಾಹಸ 'ರಾತ್ರಿ ಪಹರೆ'ಯದು. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ಭಾರಿ ಚಿತ್ರ. ಊರ ಕಾವಲು ಪಡೆಯಲ್ಲಿದ್ದ ದುಡ್ಡಿನ ಗೃಹಸ್ಥರು ತಮ್ಮ ಸಭಾಂಗಣದಲ್ಲಿ ತೂಗುಹಾಕಲು ತಾವೇ ಹಣ ಹಾಕಿ ಬರೆಸಿಕೊಂಡದ್ದು. 2019ರಲ್ಲಿ ಜನರ ಕಣ್ಣೆದುರೇ, ಗಾಜಿನ ಕೋಣೆಯೊಳಗೆ ಅದರ ಪರೀಕ್ಷೆ ಶುರುವಾಯಿತು. 2022ರ ಜನವರಿಯಲ್ಲಿ 8,439 ಫೋಟೋಗಳನ್ನು ಜೋಡಿಸಿ ಮಾಡಿದ ಒಂದೇ ಚಿತ್ರವನ್ನು ಅಂತರ್ಜಾಲಕ್ಕೆ ಬಿಟ್ಟರು. 717 ಗಿಗಾಪಿಕ್ಸೆಲ್, ಅಂದರೆ 71,700 ಕೋಟಿ ಚುಕ್ಕೆಗಳು. ಒಂದು ಚುಕ್ಕೆಗೂ ಇನ್ನೊಂದಕ್ಕೂ ನಡುವೆ ಮಿಲಿಮೀಟರಿನ ಇನ್ನೂರನೇ ಒಂದು ಪಾಲು ಅಂತರ. ಬಣ್ಣದ ಒಂದೊಂದು ಕಣವೂ ಕಾಣುತ್ತದೆ.

ಆ ಚಿತ್ರದ ಬಲಗಡೆಯ ಅಂಚಿನಲ್ಲಿ ಒಬ್ಬ ನಗಾರಿ ಬಡಿಯುವವನಿದ್ದಾನೆ. ಅವನ ಕಾಲ ಬಳಿ ಒಂದು ನಾಯಿ ಬೊಗಳುತ್ತಿದೆ. ಚಿತ್ರದ ಹಿನ್ನೆಲೆಯಲ್ಲಿ ಒಂದು ಫಲಕ ಇದೆ. ಆಮೇಲೆ ಬರೆದು ಸೇರಿಸಿದ್ದು. ಅದರ ಮೇಲೆ ಹಣ ಕೊಟ್ಟ 18 ಜನರ ಹೆಸರು. ನಗಾರಿಯವನು ಕೂಲಿಗೆ ಕರೆಸಿಕೊಂಡವನು. ಅವನು ಹಣ ಕೊಡಲಿಲ್ಲ, ಫಲಕದಲ್ಲಿ ಅವನ ಹೆಸರಿಲ್ಲ. ಅಂಚಿನಲ್ಲಿ ನಿಂತು ವಾದ್ಯ ಬಡಿಯುವವನು, ಅವನ ಮೇಲೆ ಬೊಗಳುವ ನಾಯಿ, ನಡುವೆ ಠೀವಿಯಿಂದ ನಿಂತ ಯಜಮಾನರು. ಊರಹಬ್ಬದ ಮೆರವಣಿಗೆ ನೋಡಿದ ಯಾರಿಗೂ ಈ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿ ನನ್ನ ತಕರಾರು ಇಷ್ಟು. 71,700 ಕೋಟಿ ಚುಕ್ಕೆಗಳು ಅವನ ಮುಖದ ಬಣ್ಣ ಬಿರಿದದ್ದನ್ನು ತೋರಿಸುತ್ತವೆ, ಅವನು ಯಾರು ಅಂತ ಹೇಳುವುದಿಲ್ಲ. ಅದಕ್ಕೆ ಊರಿನ ಹಳೆಯ ಕಾಗದಪತ್ರಗಳನ್ನು ಕೆದಕಬೇಕು, ಕೂಲಿಯವರ ಚರಿತ್ರೆ ಬರೆಯುವ ಮನಸ್ಸು ಬೇಕು. ಕ್ಯಾಮೆರಾದ ಶಕ್ತಿ ಹೆಚ್ಚಿದಷ್ಟೂ ನ್ಯಾಯ ಹೆಚ್ಚುತ್ತದೆ ಅನ್ನುವ ಭ್ರಮೆಯನ್ನು ಮ್ಯೂಸಿಯಂಗಳು ಹಬ್ಬಿಸುತ್ತಿವೆ.

ಇನ್ನೊಂದು ವಿಷಯ. ಈ ಚಿತ್ರವನ್ನು 1715ರಲ್ಲಿ ಪುರಭವನದ ಗೋಡೆಗೆ ಕೂರಿಸಲು ನಾಲ್ಕೂ ಕಡೆ ಕತ್ತರಿಸಿದ್ದರು. ಕತ್ತರಿಸಿದ ತುಂಡುಗಳು ಹಾಳಾಗಿ ಹೋದವು. 2021ರಲ್ಲಿ ಕೃತಕ ಬುದ್ಧಿಮತ್ತೆಯಿಂದ ಆ ಕಳೆದ ಭಾಗಗಳನ್ನು ಮತ್ತೆ ಬರೆಸಿ ಮೂಲದ ಸುತ್ತ ಕೆಲವು ತಿಂಗಳು ಜೋಡಿಸಿಟ್ಟರು. ಪವಾಡ ಅಂತ ಜಗತ್ತು ಬೆರಗಾಯಿತು. ಪವಾಡಕ್ಕೆ ಆಧಾರ ಏನು? ಕತ್ತರಿಸುವ ಮುಂಚೆಯೇ ಲುಂಡೆನ್ಸ್ ಅನ್ನುವ ಇನ್ನೊಬ್ಬ ಕಲಾವಿದ ಈ ಚಿತ್ರದ ಸಣ್ಣ ನಕಲು ಮಾಡಿದ್ದ. ಅದು ಉಳಿದಿತ್ತು. ಯಂತ್ರ ಅದನ್ನು ನೋಡಿಕೊಂಡು, ರೆಂಬ್ರಾಂಟನ ಕೈಗೆ ಹೊಂದುವ ಹಾಗೆ ತಿದ್ದಿ ಬರೆಯಿತು. ಯಜಮಾನರ ಚಿತ್ರ ಕತ್ತರಿಸಿದರೆ ನಕಲಾದರೂ ಎಲ್ಲೋ ಉಳಿದಿರುತ್ತದೆ. ಯಾರ ಬದುಕಿಗೆ ನಕಲೇ ಇಲ್ಲವೋ, ಯಾರನ್ನು ಒಬ್ಬನೂ ಬರೆದಿಡಲಿಲ್ಲವೋ ಅವರ ಕತ್ತರಿಸಿದ ಭಾಗವನ್ನು ಯಾವ ಬುದ್ಧಿಮತ್ತೆ ತಂದು ಜೋಡಿಸೀತು?

ಯಂತ್ರಕ್ಕೆ ಏನು ಉಣಿಸುತ್ತೀರೋ ಅದನ್ನೇ ಅದು ಕಕ್ಕುತ್ತದೆ. ಗೂಗಲ್ ಕಂಪನಿ 2011ರ ಫೆಬ್ರವರಿಯಲ್ಲಿ 17 ಮ್ಯೂಸಿಯಂಗಳನ್ನು ಕೂಡಿಸಿಕೊಂಡು ಒಂದು ಕಲಾಯೋಜನೆ ಶುರುಮಾಡಿತ್ತು. 2018ರ ಜನವರಿಯಲ್ಲಿ ಆ ಯೋಜನೆಯ ಒಂದು ಆಟ ಅಮೆರಿಕಾದಲ್ಲಿ ಹುಚ್ಚೆಬ್ಬಿಸಿತು. ನಿಮ್ಮ ಮುಖದ ಫೋಟೋ ಕೊಟ್ಟರೆ ನಿಮ್ಮನ್ನು ಹೋಲುವ ಮ್ಯೂಸಿಯಂ ಚಿತ್ರವನ್ನು ಹುಡುಕಿಕೊಡುವ ಆಟ. ಬಿಳಿಯರಿಗೆ ಶ್ರೀಮಂತರು, ರಾಣಿಯರು, ಪಂಡಿತರು ಸಿಕ್ಕರು. ಕರಿಯರಿಗೆ, ಏಷ್ಯಾದ ಮೂಲದವರಿಗೆ ಹೋಲುವ ಚಿತ್ರಗಳೇ ಕಡಿಮೆ. ಸಿಕ್ಕರೂ ಗುಲಾಮರು, ಊಳಿಗದವರು, ಗೇಷಾಗಳು ಅಂತ ಅವರು ದೂರಿದರು. ಕಂಪನಿ ಸಮಜಾಯಿಷಿ ಹೇಳಿತು. ಯಂತ್ರಕ್ಕೆ ದ್ವೇಷ ಇರಲಿಲ್ಲ, ನಿಜ. ಮುನ್ನೂರು ನಾನೂರು ವರ್ಷ ಯಾರ ಮುಖವನ್ನು ಬರೆಯಲು ಯೋಗ್ಯ ಅಂದುಕೊಂಡರೋ ಅವರ ಮುಖಗಳ ಕಣಜದಲ್ಲಿ ಅದು ಹುಡುಕಿತು. ನಮ್ಮ ಮುಖ ಕೊಟ್ಟು ನೋಡಿ ಅಂತ ಯಾರಾದರೂ ಕರೆದರೆ ಈ ಕಣಜದ ನೆನಪಿರಲಿ.

ಈಗ ಹೆಸರಿನ ವಿಚಾರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಮುಖ್ಯ. ಪ್ರತಿ ಚಿತ್ರದ ಪಕ್ಕದಲ್ಲೂ ಕಂಪ್ಯೂಟರಿನಲ್ಲಿ ಕೆಲವು ಕಾಲಮ್ಮುಗಳಿರುತ್ತವೆ. ಹೆಸರು, ಮಾಡಿದವರು, ಊರು, ಕಾಲ, ಹೇಗೆ ಬಂತು. ಚಿತ್ರಕ್ಕಿಂತ ಈ ಕಾಲಮ್ಮುಗಳಲ್ಲೇ ರಾಜಕೀಯ ಇರುವುದು. ರೈಕ್ಸ್‌ಮ್ಯೂಸಿಯಂನಲ್ಲಿ ಸಿಮೋನ್ ಮಾರಿಸ್ ಎಂಬಾತ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬರೆದ ಒಂದು ಚಿತ್ರ ಇದೆ. ಬಿಳಿ ಉಡುಪಿನ ಕಪ್ಪು ಹುಡುಗಿಯೊಬ್ಬಳು ಬೀಸಣಿಗೆ ಹಿಡಿದು ಕೂತಿದ್ದಾಳೆ. ಮ್ಯೂಸಿಯಂ ಆಕೆಯನ್ನು ಹಿಂದೆ ದಾಖಲೆಯಲ್ಲಿ ಆಕೆಯ ಜನಾಂಗವನ್ನು ಹೀಯಾಳಿಸುವ ಪದದಿಂದ ಕರೆದಿತ್ತು. 2015ರಲ್ಲಿ ಮ್ಯೂಸಿಯಂ ಇಂಥ ಪದಗಳನ್ನು ತನ್ನ ದಾಖಲೆಗಳಿಂದ ತೆಗೆಯುವ ಕೆಲಸಕ್ಕೆ ಕೈ ಹಾಕಿತು. ಈ ಚಿತ್ರ 'ಬೀಸಣಿಗೆ ಹಿಡಿದ ಹುಡುಗಿ' ಆಯಿತು. ಆಮೇಲೆ ಇನ್ನೂ ಹುಡುಕಿದಾಗ ಹುಡುಗಿಯ ಹೆಸರೇ ಸಿಕ್ಕಿತು. ಇಸಾಬೆಲ್ಲಾ. ಈಗ ಚಿತ್ರಕ್ಕೆ ಅದೇ ಹೆಸರು.

ಜಾತಿಯ ಹೆಸರಿನಿಂದ ಆಚೆಗೆ ಯಾರೂ ಕರೆಯದ ಮನುಷ್ಯನನ್ನು ಒಂದು ದಿನ ಅವನ ಸ್ವಂತ ಹೆಸರು ಹಿಡಿದು ಕರೆದರೆ ಅವನ ಬೆನ್ನು ಹೇಗೆ ನೆಟ್ಟಗಾಗುತ್ತದೆ ಅಂತ ಬಲ್ಲವರಿಗೆ ಇಸಾಬೆಲ್ಲಾ ಅನ್ನುವ ಈ ಒಂದು ಪದದ ತೂಕ ಗೊತ್ತಾಗುತ್ತದೆ. ಇದಕ್ಕೆ ಕೋಟಿ ಚುಕ್ಕೆಗಳ ಕ್ಯಾಮೆರಾ ಬೇಕಾಗಲಿಲ್ಲ, ಒಂದು ಕಾಲಮ್ಮನ್ನು ತಿದ್ದುವ ನಿಯತ್ತು ಬೇಕಾಯಿತು. ಹಾಗಂತ ಸುಮ್ಮನೆ ಚಪ್ಪಾಳೆ ತಟ್ಟಲಾರೆ. ಬೈಗುಳದ ಪದವನ್ನು ಸದ್ದಿಲ್ಲದೆ ಅಳಿಸಿದರೆ ಬೈದದ್ದಕ್ಕೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಕಂಪ್ಯೂಟರಿನಲ್ಲಿ ಅಳಿಸುವುದು ಎಷ್ಟು ಸುಲಭ ಅಂದರೆ ಗೋಡೆಯ ಮೇಲೆ ಕಲೆ ಕೂಡ ಉಳಿಯುವುದಿಲ್ಲ. ಹಳೆಯ ಹೆಸರು ಇಂಥದಿತ್ತು, ಇಂಥ ವರ್ಷ ಬದಲಾಯಿಸಿದೆವು, ಕಾರಣ ಇದು ಅಂತ ಅದೇ ಪುಟದಲ್ಲಿ ಬರೆದಿಡಬೇಕು. ಅವಮಾನವನ್ನು ಮುಚ್ಚಿಡುವುದರಿಂದ ಅವಮಾನ ಮಾಡಿದವನಿಗೇ ಅನುಕೂಲ.

ಇದೇ ಮ್ಯೂಸಿಯಂ 2021ರಲ್ಲಿ ಗುಲಾಮಗಿರಿಯ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತು. ಡಚ್ ಈಸ್ಟ್ ಇಂಡಿಯಾ ಕಂಪನಿ ನಮ್ಮ ಬಂಗಾಳದಿಂದ ಹಿಡಿದು ಸಾಗಿಸಿದವರ ಕತೆಯೂ ಅದರಲ್ಲಿತ್ತು. 'ವಾನ್ ಬೆಂಗಾಲೆನ್', ಬಂಗಾಳದವರು, ಅನ್ನುವುದೇ ಅವರ ಅಡ್ಡಹೆಸರಾಗಿಬಿಟ್ಟಿತ್ತು. ಮ್ಯೂಸಿಯಂನ ಖಾಯಂ ಚಿತ್ರಗಳ ಪಕ್ಕದಲ್ಲೂ ಇದರಲ್ಲಿ ಗುಲಾಮರ ಬೆವರು ಎಲ್ಲಿದೆ ಅಂತ ಹೇಳುವ 77 ಹೊಸ ಫಲಕಗಳನ್ನು ಆಗ ಹಾಕಿದರು. ಇಂಥದ್ದು ನಮ್ಮ ಅರಮನೆ ಮ್ಯೂಸಿಯಂಗಳಲ್ಲಿ ಯಾವಾಗ?

ಇನ್ನು ನಮ್ಮ ಊರಿನ ವಸ್ತುವಿಗೆ ಬರೋಣ. ಟಿಪ್ಪುವಿನ ಹುಲಿ. ಬಿಳಿ ಸಿಪಾಯಿಯನ್ನು ಕೆಡವಿ ಅವನ ಕತ್ತಿಗೆ ಬಾಯಿ ಹಾಕಿರುವ ಮರದ ಹುಲಿ. ಹೊಟ್ಟೆಯೊಳಗೆ ಆರ್ಗನ್ ಇದೆ, ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಸಿಪಾಯಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯವರು ಲೂಟಿ ಮಾಡಿ ಒಯ್ದರು. 1808ರಿಂದ ಲಂಡನ್ನಿನ ಕಂಪನಿ ಕಚೇರಿಯಲ್ಲಿ ಇಟ್ಟರು. ಜನ ಬಂದು ಬಂದು ಹಿಡಿ ತಿರುಗಿಸಿ ಅಲ್ಲಿನ ಓದುಗರಿಗೆ ತಲೆ ಚಿಟ್ಟು ಹಿಡಿಸಿದರಂತೆ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಆ ಮ್ಯೂಸಿಯಂ ತನ್ನ 12 ಲಕ್ಷಕ್ಕೂ ಹೆಚ್ಚು ವಸ್ತುಗಳ ದಾಖಲೆಯನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಹುಲಿಯ ಫೋಟೋ ಇದೆ, ಅದರ ಧ್ವನಿ ಕೇಳಿಸುವ ವಿಡಿಯೋ ಇದೆ, 1799ರ ಕತೆಯೂ ಇದೆ. ಎಲ್ಲ ಇಂಗ್ಲಿಷಿನಲ್ಲಿ. ಶ್ರೀರಂಗಪಟ್ಟಣದ ಹುಡುಗ ತನ್ನ ಊರಿನ ಹುಲಿಯನ್ನು ಅಲ್ಲಿ ಕನ್ನಡದಲ್ಲಿ ಹುಡುಕಲಾರ. ಇನ್ನೂ ಒಂದು ಮಾತು ಹೇಳಬೇಕು, ಟಿಪ್ಪು ಅಭಿಮಾನಿಗಳು ಬೇಸರ ಮಾಡಿಕೊಳ್ಳದಿರಲಿ. ಹುಲಿಯ ಜೊತೆ ರಾಜನ ಹೆಸರು ಉಳಿಯಿತು, ಗೆದ್ದವನ ಹೆಸರೂ ಉಳಿಯಿತು. ಮರ ಕೆತ್ತಿದ ಬಡಗಿಯ ಹೆಸರು ಯಾವ ಕಡೆಯವರ ದಾಖಲೆಯಿಂದಲೂ ನಮಗೆ ಬಂದಿಲ್ಲ.

ಉಡುಪಿಯ ಕನಕನ ಕಿಂಡಿ ಎಲ್ಲರಿಗೂ ಗೊತ್ತು. ಒಳಗೆ ಬಿಡದ ಕನಕನಿಗಾಗಿ ಗೋಡೆ ಬಿರಿದು ದೇವರು ಅವನ ಕಡೆ ತಿರುಗಿದ ಅನ್ನುವುದು ಕತೆ. ಭಕ್ತರು ದೇವರ ಕರುಣೆಯನ್ನು ಹೊಗಳುತ್ತಾರೆ. ಅಷ್ಟು ಕರುಣೆ ಇದ್ದವನು ಬಾಗಿಲನ್ನೇ ಯಾಕೆ ತೆರೆಸಲಿಲ್ಲ ಅಂತ ನಮ್ಮವರು ಕೇಳುತ್ತಾರೆ. ಗೋಡೆ ಬಿರಿದದ್ದು ಕಿಂಡಿಯಷ್ಟು ಮಾತ್ರ. ಲಂಡನ್ನಿನ ಮ್ಯೂಸಿಯಂ ನಮಗೆ ಮೊಬೈಲಿನಲ್ಲಿ ತೋರಿಸುತ್ತಿರುವುದೂ ಇಂಥದೇ ಕಿಂಡಿ. ಹುಲಿ ನಮ್ಮ ಕಡೆಗೆ ತಿರುಗಿದೆ, ಗುರುಗುಟ್ಟುವುದೂ ಕೇಳುತ್ತದೆ, ಗರ್ಭಗುಡಿಯ ಬೀಗದ ಕೈ ಮಾತ್ರ ಅವರ ಸೊಂಟದಲ್ಲೇ ಇದೆ. ನಾಳೆ ಯಾರಾದರೂ ಹುಲಿಯನ್ನು ವಾಪಸು ಕೊಡಿ ಅಂದರೆ, ಚಿತ್ರ ಇದೆಯಲ್ಲ, ವಿಡಿಯೋ ಇದೆಯಲ್ಲ, ಮೂಲ ಯಾಕೆ ಅನ್ನುವ ಉತ್ತರವೂ ಆ ಕಿಂಡಿಯಿಂದಲೇ ಬಂದೀತು.

ಆಫ್ರಿಕಾದವರು ಈ ಉತ್ತರದ ಮೋಸವನ್ನು ನಮಗಿಂತ ಮೊದಲೇ ಅರಿತರು. 1897ರಲ್ಲಿ ಬ್ರಿಟಿಷ್ ಸೈನ್ಯ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರವನ್ನು ಸುಟ್ಟು ಅರಮನೆಯ ಹಿತ್ತಾಳೆ, ದಂತದ ಸಾವಿರಾರು ಕೃತಿಗಳನ್ನು ಲೂಟಿ ಮಾಡಿತು. ಅವು ಹರಾಜಾಗಿ ಜಗತ್ತಿನ ಮ್ಯೂಸಿಯಂಗಳಿಗೆ ಹಂಚಿಹೋದವು. 2022ರ ನವೆಂಬರಿನಲ್ಲಿ 'ಡಿಜಿಟಲ್ ಬೆನಿನ್' ಅನ್ನುವ ದಾಖಲೆ ಅಂತರ್ಜಾಲದಲ್ಲಿ ತೆರೆಯಿತು. 20 ದೇಶಗಳ 131 ಸಂಸ್ಥೆಗಳಲ್ಲಿ ಚದುರಿದ 5,246 ವಸ್ತುಗಳು ಒಂದೇ ಕಡೆ. ಜರ್ಮನಿಯ ಹಣದಿಂದ, ಹ್ಯಾಂಬರ್ಗಿನ ಮ್ಯೂಸಿಯಂ ಆಶ್ರಯದಲ್ಲಿ ಆದ ಕೆಲಸವಾದರೂ ನೈಜೀರಿಯಾದವರನ್ನು ಕೂಡಿಸಿಕೊಂಡು ಮಾಡಿದ್ದು. ಇದರ ಹೆಚ್ಚುಗಾರಿಕೆ ಸಂಖ್ಯೆಯಲ್ಲಿ ಇಲ್ಲ. ವಸ್ತುಗಳಿಗೆ ಅಲ್ಲಿನ ಜನರ ಏಡೋ ನುಡಿಯ ಹೆಸರುಗಳನ್ನು ಕೊಟ್ಟಿದ್ದಾರೆ, ಬೆನಿನ್ ನಗರದ ಜನರ ಬಾಯಿಮಾತಿನ ಚರಿತ್ರೆಯನ್ನು ಧ್ವನಿಯಲ್ಲೇ ಇಟ್ಟಿದ್ದಾರೆ, ಯಾವ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಹುಡುಕಲು ಬರುತ್ತದೆ. ಕಳ್ಳಮಾಲಿನ ಪಟ್ಟಿಯನ್ನು ಕಳ್ಳನ ಮನೆಯಿಂದಲೇ ಬರೆಸಿಕೊಂಡ ಹಾಗೆ. ಅದೇ 2022ರಲ್ಲಿ ಜರ್ಮನಿ ತನ್ನಲ್ಲಿದ್ದವುಗಳ ಒಡೆತನವನ್ನು ಬಿಟ್ಟುಕೊಡಲು ಒಪ್ಪಿ, ಡಿಸೆಂಬರಿನಲ್ಲಿ ಮೊದಲ ಕಂತಾಗಿ 20ನ್ನು ಹಿಂತಿರುಗಿಸಿತು. ನೆದರ್‌ಲ್ಯಾಂಡ್ಸ್ 2025ರಲ್ಲಿ 119ನ್ನು ಕೊಟ್ಟಿತು. ಒಂಬೈನೂರಕ್ಕೂ ಹೆಚ್ಚು ಇಟ್ಟುಕೊಂಡ ಬ್ರಿಟಿಷ್ ಮ್ಯೂಸಿಯಂ 1963ರ ಕಾಯಿದೆಯನ್ನು ತೋರಿಸಿ ಕೂತಿದೆ. ಅಂತರ್ಜಾಲದಲ್ಲಿ ಪಟ್ಟಿ ಇದ್ದುದರಿಂದಲೇ ಇವೆಲ್ಲ ಹಿಂತಿರುಗಿದವು ಅಂತ ನಾನು ಹೇಳಲಾರೆ, ಅದಕ್ಕೆ ದಶಕಗಳ ಹೋರಾಟ ಇದೆ. ಆದರೆ ಎಷ್ಟು, ಎಲ್ಲಿ ಅಂತ ಲೆಕ್ಕ ಹಿಡಿದು ಕೇಳುವವನಿಗೂ ಸುಮ್ಮನೆ ಕೇಳುವವನಿಗೂ ವ್ಯತ್ಯಾಸ ಇದೆ.

ಇದಕ್ಕೆ ಮುಂಚೆ 2018ರಲ್ಲಿ ಫ್ರಾನ್ಸಿನ ಅಧ್ಯಕ್ಷರಿಗೆ ಸಾರ್ ಮತ್ತು ಸವ್ವಾ ಅನ್ನುವ ಇಬ್ಬರು ವಿದ್ವಾಂಸರು ಆಫ್ರಿಕಾದ ವಸ್ತುಗಳನ್ನು ಹಿಂತಿರುಗಿಸಬೇಕು ಅಂತ ವರದಿ ಕೊಟ್ಟಿದ್ದರು. ಒಳ್ಳೆಯ ವರದಿ. ಜೊತೆಗೇ ಎಲ್ಲದರ ಚಿತ್ರಗಳನ್ನೂ ಅಂತರ್ಜಾಲದಲ್ಲಿ ಎಲ್ಲರಿಗೂ ಬಿಡಬೇಕು ಅಂತಲೂ ಬರೆದಿದ್ದರು. 2019ರಲ್ಲಿ ನೂರಕ್ಕೂ ಹೆಚ್ಚು ತಜ್ಞರು ಇದಕ್ಕೆ ಆಕ್ಷೇಪ ಎತ್ತಿದರು. ವಸ್ತು ಯಾರದೋ ಅವರೇ ತಾನೆ ಅದರ ಚಿತ್ರವನ್ನು ತೆರೆಯಬೇಕೋ ಬೇಡವೋ ಅಂತ ಹೇಳಬೇಕಾದವರು ಅನ್ನುವುದು ಅವರ ವಾದ. ಎಲ್ಲವನ್ನೂ ತೆರೆದಿಡುವುದೇ ಪ್ರಗತಿ ಅನ್ನುವ ನಮ್ಮ ಪ್ರಗತಿಪರ ಗೆಳೆಯರು ಈ ವಾದವನ್ನು ನಿಧಾನವಾಗಿ ಓದಬೇಕು. ನಮ್ಮ ಕೇರಿಯ ದೇವರ ಫೋಟೋ ತೆಗೆದುಕೊಂಡು ಹೋದ ಸಂಶೋಧಕರು ಕಡಿಮೆಯೇನಿಲ್ಲ.

ಬೆಂಗಳೂರಿನ ಮಾತು ಬಾರದೆ ಲೇಖನ ಮುಗಿಸುವ ಹಾಗಿಲ್ಲ. ಕಸ್ತೂರಬಾ ರಸ್ತೆಯಲ್ಲಿ 'ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ' ಅನ್ನುವ ಖಾಸಗಿ ಮ್ಯೂಸಿಯಂ ಇದೆ. ಕೊರೋನಾ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ, ಕಟ್ಟಡ ತೆರೆಯುವ ಮುಂಚೆ ಅಂತರ್ಜಾಲದಲ್ಲಿ ತೆರೆಯಿತು. ಕಟ್ಟಡ ತೆರೆದದ್ದು 2023ರ ಫೆಬ್ರವರಿಯಲ್ಲಿ. ಅವರು ಭಾರತೀಯ ಕಲೆಯ ಒಂದು ವಿಶ್ವಕೋಶವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತಿರುವುದು ಮೆಚ್ಚಬೇಕಾದ ಕೆಲಸ, ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ಪತ್ರಿಕೆಗಳು ಹೆಚ್ಚು ಕೊಂಡಾಡಿದ್ದು ಇನ್ನೊಂದನ್ನು: ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಜೊತೆ ಸೇರಿ ಮಾಡಿದ ಎಂ. ಎಫ್. ಹುಸೇನರ ಮಾತಾಡುವ ರೂಪ. ನೀವು ಪ್ರಶ್ನೆ ಕೇಳಿದರೆ ಹುಸೇನರ ಬಿಂಬ ಉತ್ತರ ಕೊಡುತ್ತದೆ. ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದು ಮೇಲೆ ಬಂದ ಆ ಬರಿಗಾಲಿನ ಮನುಷ್ಯನ ಮೇಲೆ ಈ ದೇಶದಲ್ಲಿ ಕೇಸುಗಳ ಮೇಲೆ ಕೇಸು ಹಾಕಿದರು. 2006ರಲ್ಲಿ ದೇಶ ಬಿಟ್ಟರು, 2010ರಲ್ಲಿ ಕತಾರ್ ಪ್ರಜೆಯಾದರು, 2011ರ ಜೂನ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಬದುಕಿದ್ದಾಗ ಮನೆಗೆ ಬರಲು ಬಿಡದೆ, ಸತ್ತ ಮೇಲೆ ಬೆಳಕಿನ ಬೊಂಬೆ ಮಾಡಿ ಮಾತಾಡಿಸುವುದು ಎಂಥ ಆತಿಥ್ಯ? ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಕುದುರೆ, ಬಣ್ಣ, ಬಾಲ್ಯದ ಪ್ರಶ್ನೆ ಬಿಟ್ಟು 'ನೀವು ಯಾಕೆ ವಾಪಸು ಬರಲಿಲ್ಲ?' ಅಂತ ಕೇಳಿ ನೋಡಲಿ. ಆ ಪ್ರಶ್ನೆಗೆ ಬರುವ ಉತ್ತರದ ಮೇಲೆ ಆ ಯಂತ್ರದ ಬೆಲೆ ಕಟ್ಟಬೇಕು.

ಅದೇ ಕೊರೋನಾ ಕಾಲದಲ್ಲಿ ಜಗತ್ತಿನ ಸುಮಾರು ನೂರಕ್ಕೆ 90ರಷ್ಟು ಮ್ಯೂಸಿಯಂಗಳು ಬಾಗಿಲು ಹಾಕಿದ್ದವು. ಆಫ್ರಿಕಾದಲ್ಲಿ ಮತ್ತು ಸಣ್ಣ ದ್ವೀಪದೇಶಗಳಲ್ಲಿ ಅಂತರ್ಜಾಲದಲ್ಲಿ ಏನಾದರೂ ಕೊಡಲು ಸಾಧ್ಯವಾದದ್ದು ನೂರಕ್ಕೆ 5 ಮ್ಯೂಸಿಯಂಗಳಿಗೆ ಮಾತ್ರ ಅಂತ ಯುನೆಸ್ಕೋ 2020ರ ಮೇ ತಿಂಗಳಲ್ಲಿ ಹೇಳಿತು. ಮನೆಗೊಂದೇ ಮೊಬೈಲು, ಅದೂ ಅಪ್ಪನ ಜೊತೆ ಕೂಲಿಗೆ ಹೋದದ್ದರಿಂದ ಪಾಠ ತಪ್ಪಿಸಿಕೊಂಡ ಮಕ್ಕಳನ್ನು ಕಂಡ ಹಳ್ಳಿಯ ಮೇಷ್ಟ್ರಿಗೆ ಈ ಅಂಕಿಯ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಆ ಮೇಷ್ಟ್ರಿಗೇ ಒಂದು ಮಾತು. ಹಾಲು ಸುರಿಯುವವಳನ್ನು ಇಳಿಸಿಕೊಳ್ಳಿ. ಹೋಬಳಿಯ ಸ್ಟುಡಿಯೋದಲ್ಲಿ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಪ್ರಿಂಟು ಹಾಕಿಸಿ ತರಗತಿಯ ಗೋಡೆಗೆ ಅಂಟಿಸಿ. ಯಾರ ಅನುಮತಿಯೂ ಬೇಡ. ವೆರ್ಮೀರ್ ಯಾರು ಅಂತ ಮೊದಲೇ ಹೇಳಬೇಡಿ. ಈಕೆ ಯಾರ ಮನೆಯಲ್ಲಿ ಕೆಲಸ ಮಾಡುತ್ತಿದ್ದಾಳೆ, ಈ ಹಾಲು ಯಾರಿಗೆ, ಒಡೆದ ಗಾಜನ್ನು ಯಾಕೆ ಹಾಕಿಸಿಲ್ಲ ಅಂತ ಮಕ್ಕಳನ್ನು ಕೇಳಿ. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ, ಯಾವ ಮ್ಯೂಸಿಯಂ ದಾಖಲೆಯಲ್ಲೂ ಇಲ್ಲದ ಮಾತುಗಳು ಸಿಗುತ್ತವೆ. ಶ್ರೀರಂಗಪಟ್ಟಣ, ಮಂಡ್ಯದ ಕಡೆಯ ಶಾಲೆಗಳವರು ಹುಲಿಯ ಚಿತ್ರ ಹಾಕಿ, ಲಂಡನ್ನಿನ ಮ್ಯೂಸಿಯಂಗೆ ಮಕ್ಕಳ ಕೈಯಲ್ಲಿ ಕನ್ನಡದಲ್ಲೇ ಒಂದು ಕಾಗದ ಬರೆಸಲಿ. ಹುಲಿಯ ಪುಟವನ್ನು ಕನ್ನಡದಲ್ಲೂ ಬರೆಯಿರಿ, ಅದರಲ್ಲಿ ಲೂಟಿ ಅನ್ನುವ ಪದವನ್ನು ಬಳಸಿರಿ, ಬಡಗಿಯ ಹೆಸರು ಹುಡುಕಲು ನೀವು ಏನೇನು ಮಾಡಿದ್ದೀರಿ ತಿಳಿಸಿರಿ, ಹುಲಿಯನ್ನು ಯಾವಾಗ ಕಳಿಸುತ್ತೀರಿ ಅಂತ.